ನಿಮ್ ಕಿವಿಗೆ ಒಗ್ಗೋ ಹೊಸ ಹಾಡು ಹುಡ್ಕೋದು ಹೇಗೆ

ಹೊಸ ಹಾಡು ಬೇಕು ಅಂದ್ರೆ ಮೊದ್ಲು ಹಳೇ ಹಾಡೊಂದನ್ನ ತಗೊಳಿ. ನೂರ್ ಸಲ ಕೇಳಿದ್ರೂ ಬೇಜಾರಾಗದ ಹಾಡು ಎಲ್ರಿಗೂ ಒಂದಾದ್ರೂ ಇದ್ದೇ ಇರತ್ತಲ್ಲ, ಅದನ್ನ. ಹೆಡ್‌ಫೋನ್ ಹಾಕ್ಕೊಂಡು, ಫೋನ್ ಬೋರಲು ಹಾಕಿ, ನಾಲ್ಕ್ ಸಲ ಕೇಳಿ. ಒಂದ್ ಸಲ ಬರೀ ದನಿ ಮೇಲೆ ಗಮನ ಇಡಿ, ಇನ್ನೊಂದ್ ಸಲ ಬರೀ ತಾಳ, ತಬಲಾನೋ ಡ್ರಮ್ಸೋ ಏನಿದ್ಯೋ ಅದು, ಮೂರನೇ ಸಲ ಹಿಂದೆ ನುಡಿಸ್ತಿರೋ ವಾದ್ಯಗಳು, ಕೊನೇಲಿ ಸಾಹಿತ್ಯ. ಎಲ್ಲೋ ಒಂದ್ ಕಡೆ ಮೈ ಜುಂ ಅನ್ನತ್ತೆ. ಅದು ಎಷ್ಟನೇ ನಿಮಿಷದಲ್ಲಿ, ಆಗ ಹಾಡಲ್ಲಿ ಏನ್ ನಡೀತಿತ್ತು ಅಂತ ಒಂದ್ ಪುಸ್ತಕದಲ್ಲಿ ಬರ್ದಿಟ್ಕೊಳಿ.

ಇದನ್ನ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, "ನಂಗೆ ಮೆಲೋಡಿ ಇಷ್ಟ" ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ, ಆ್ಯಪ್‌ಗೂ ಗೊತ್ತಾಗಲ್ಲ, ನಿಮಗೇ ಗೊತ್ತಾಗಲ್ಲ. ನಂಗೆ ಸಿ. ಅಶ್ವತ್ಥ್ ಹಾಡಿರೋ ಶಿಶುನಾಳ ಶರೀಫರ ಪದಗಳು ಅಂದ್ರೆ ಪ್ರಾಣ. ಬಹಳ ವರ್ಷ ನಾನು "ನಂಗೆ ಭಾವಗೀತೆ ಇಷ್ಟ" ಅಂದ್ಕೊಂಡೇ ಇದ್ದೆ, ಭಾವಗೀತೆ ಅಂತ ಕಂಡಿದ್ದೆಲ್ಲ ಕೇಳ್ದೆ, ಅರ್ಧಕ್ಕರ್ಧ ಹಿಡಿಸ್ಲೇ ಇಲ್ಲ. ಮೇಲೆ ಹೇಳ್ದಂಗೆ ಕೂತು ಕೇಳಿದಾಗ್ಲೇ ಗೊತ್ತಾಗಿದ್ದು, ನಂಗೆ ಬೇಕಾಗಿದ್ದು ದನಿ, ಕೆಳಗಿಂದ ಎದ್ದು ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ನಿಂತ್ಕೊಂಡ್ ಬಿಡತ್ತಲ್ಲ, ಆ ಬಿಚ್ಚು ದನಿ. ನನ್ ಫ್ರೆಂಡ್ ಒಬ್ಬನಿಗೂ ಇದೇ ಹಾಡುಗಳು ಇಷ್ಟ, ಆದ್ರೆ ಅವನಿಗೆ ಮಾತಿನ ಆಟ ಇಷ್ಟ, ಒಗಟು ಒಗಟಾಗಿ ಹೇಳೋದು, ಪ್ರಾಸ ಬಂದು ಬಂದು ಬಡಿಯೋದು. ಅವನು ಅಲ್ಲಿಂದ ಆಲ್ ಓಕೆ ತರದವರ ಕನ್ನಡ ರ್‍ಯಾಪ್ ಕಡೆ ಹೋದ. ನಾನು ಹಿಂದೂಸ್ತಾನಿ ಕಡೆ ಹೋದೆ. ಹೊರಟಿದ್ದು ಒಂದೇ ಹಾಡಿಂದ.

ಹಾಡಲ್ಲಿ ಏನ್ ಹಿಡೀತು ಅಂತ ಗೊತ್ತಾದ್ಮೇಲೆ ಅದ್ರ ಹಿಂದೆ ಇರೋ ಜನರನ್ನ ಹಿಡೀರಿ. ಯಾರ್ ಹಾಡಿದ್ದು ಅಂತ ಎಲ್ರೂ ನೋಡ್ತಾರೆ, ಯಾರ್ ನುಡಿಸಿದ್ದು, ಯಾರ್ ಜೋಡಿಸಿದ್ದು, ಯಾರ ಹತ್ರ ಕಲಿತಿದ್ದು ಅಂತ ನೋಡೋರು ಕಮ್ಮಿ, ಅಲ್ಲೇ ಇರೋದು ನಿಧಿ. ನಿಮಗೆ ಇಳಯರಾಜ ಇಷ್ಟ ಅಂದ್ಕೊಳಿ, ಅವರು ಸ್ವಂತವಾಗಿ ಸಂಗೀತ ಕೊಡೋಕ್ ಶುರು ಮಾಡೋ ಮುಂಚೆ ನಮ್ ಜಿ.ಕೆ. ವೆಂಕಟೇಶ್ ಹತ್ರ ಸಹಾಯಕರಾಗಿ ಕೆಲ್ಸ ಮಾಡಿದ್ರು, ಗಿಟಾರ್ ನುಡಿಸ್ತಿದ್ರು. ಇದು ತಲೇಲಿಟ್ಕೊಂಡು ವೆಂಕಟೇಶರ ಎಪ್ಪತ್ತರ ದಶಕದ ಕನ್ನಡ ಹಾಡುಗಳನ್ನ ಮತ್ತೆ ಕೇಳಿ ನೋಡಿ, ಇಷ್ಟ್ ದಿನ ಕಿವಿಗೇ ಬೀಳದ ಗಿಟಾರು ಪಿಟೀಲುಗಳೆಲ್ಲ ಎದ್ದು ಕೂರ್ತವೆ. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದ್ರೆ ಕ್ರೆಡಿಟ್ಸ್ ಅಂತ ಬರತ್ತೆ, ಯೂಟ್ಯೂಬಲ್ಲಿ ಆದ್ರೆ ಕೆಳಗಿನ ಡಿಸ್ಕ್ರಿಪ್ಷನ್ ಪೂರ್ತಿ ಬಿಚ್ಚಿ ಓದಿ. ಹಳೇ ಕ್ಯಾಸೆಟ್ ಮನೇಲಿ ಇದ್ರೆ ಒಳಗಿನ ಕಾರ್ಡ್ ತೆಗೆದು ನೋಡಿ, ತಬಲಾ ಯಾರು ಕೊಳಲು ಯಾರು ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ.

ಶಾಸ್ತ್ರೀಯ ಸಂಗೀತಕ್ಕೆ ಬಂದ್ರೆ ಗುರು ಶಿಷ್ಯರ ದಾರಿಯಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ. ನಾನು ಬಿಚ್ಚು ದನಿ ಹುಡುಕ್ಕೊಂಡು ಮೊದ್ಲು ತಲುಪಿದ್ದು ಭೀಮಸೇನ ಜೋಶಿ ಹಾಡಿರೋ ದಾಸರ ಪದಗಳಿಗೆ, ಪದಗಳು ಚಿಕ್ಕಂದಿಂದ ಕೇಳಿದ್ದೇ, ಹಾಗಾಗಿ ಹೆದರಿಕೆ ಆಗ್ಲಿಲ್ಲ. ಅಲ್ಲಿಂದ ಅವರು ಹಾಡಿರೋ ಅಭಂಗ, ಅಂದ್ರೆ ಮರಾಠಿ ಭಕ್ತಿ ಪದಗಳು. ಆಮೇಲೆ ಅವರ ಗುರು ಯಾರು ಅಂತ ನೋಡಿದ್ರೆ ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್ ಅವರಿಗೂ ಅವರೇ ಗುರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್. ಇಲ್ಲೊಂದು ಚೆಂದದ ವಿಷ್ಯ ಇದೆ. ಭೀಮಸೇನರು ಇನ್ನೂ ಹುಡುಗನಾಗಿದ್ದಾಗ ಕೇಳಿ ಮರುಳಾಗಿದ್ದೇ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿ ರೆಕಾರ್ಡ್, ಅದು ಝಿಂಝೋಟಿ ರಾಗದ್ದು, ಆಮೇಲೆ ಗುರುವನ್ನ ಹುಡುಕ್ಕೊಂಡು ಮನೆ ಬಿಟ್ಟು ಉತ್ತರ ಭಾರತ ಎಲ್ಲ ಸುತ್ತಿ ವಾಪಸ್ ಬಂದು ಕಲಿತಿದ್ದು ಅದೇ ಖಾನರ ಶಿಷ್ಯರ ಹತ್ರ, ಊರ ಪಕ್ಕದ ಕುಂದಗೋಳದಲ್ಲಿ. ಒಂದು ರೆಕಾರ್ಡ್ ಒಬ್ಬ ಹುಡುಗನ್ನ ಎಲ್ಲಿಂದ ಎಲ್ಲಿಗೆ ಕರ್ಕೊಂಡ್ ಹೋಯ್ತು ನೋಡಿ. ಆ ಠುಮ್ರಿ ಈಗ್ಲೂ ಯೂಟ್ಯೂಬಲ್ಲಿ ಸಿಗತ್ತೆ, ಪಿಯಾ ಬಿನ್ ಅಂತ ಶುರುವಾಗೋದು, ಹುಡುಕಿ ಕೇಳಿ.

ಹಿಂದೂಸ್ತಾನಿ ಹೊಸದಾಗಿ ಕೇಳೋರಿಗೆ ಇನ್ನೊಂದ್ ಮಾತು. ಖಯಾಲ್ ಅಂದ್ರೆ ಒಂದು ರಾಗನ ನಿಧಾನಕ್ಕೆ ಬೆಳೆಸ್ತಾ ಹಾಡೋದು, ದಯವಿಟ್ಟು ಒಂದ್ ಗಂಟೆ ಖಯಾಲಿಂದ ಶುರು ಮಾಡ್ಬೇಡಿ, ಹತ್ತನೇ ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗಿರತ್ತೆ, "ಇದು ನಮ್ಮಂಥೋರಿಗಲ್ಲ" ಅಂತ ಬಿಟ್ ಬಿಡ್ತೀರಿ. ಹಳೇ 78 ಆರ್‌ಪಿಎಂ ತಟ್ಟೆಗಳಲ್ಲಿ ಒಂದ್ ಬದಿಗೆ ಮೂರು ಮೂರೂವರೆ ನಿಮಿಷ ಅಷ್ಟೇ ಹಿಡೀತಿದ್ದಿದ್ದು, ಆ ಕಾಲದ ದೊಡ್ ದೊಡ್ ಗಾಯಕರೆಲ್ಲ ರಾಗದ ಸಾರ ಅಷ್ಟರಲ್ಲೇ ಕೊಡಬೇಕಿತ್ತು. ನಮ್ಮಂಥೋರಿಗೆ ಅದು ವರ. ಸದ್ದು ಸ್ವಲ್ಪ ಗರಗರ ಅನ್ನತ್ತೆ, ಎರಡ್ ದಿನಕ್ಕೆ ಕಿವಿ ಒಗ್ಗತ್ತೆ. ಮೂರು ನಿಮಿಷದ್ದು ಹಿಡಿಸಿದ್ರೆ ಅದೇ ರಾಗ, ಅದೇ ಗಾಯಕರದ್ದು ಹತ್ತು ಹದಿನೈದು ನಿಮಿಷದ್ದು ಹುಡುಕಿ, ಅರ್ಧ ಗಂಟೆದಕ್ಕೆ ನೀವಾಗೇ ಹೋಗ್ತೀರಿ.

ನಮ್ ಕನ್ನಡದವರಿಗೆ ಇನ್ನೊಂದ್ ಸೌಲಭ್ಯ ಇದೆ, ಬೇರೆಯವರಿಗೆ ಇಷ್ಟು ಸುಲಭಕ್ಕೆ ಸಿಗಲ್ಲ. ಒಂದೇ ದಾಸರ ಪದನ ಕರ್ನಾಟಕ ಸಂಗೀತದವರೂ ಹಾಡ್ತಾರೆ, ಹಿಂದೂಸ್ತಾನಿಯವರೂ ಹಾಡ್ತಾರೆ, ಭಜನಾ ಮಂಡಳಿಯವರೂ ಹಾಡ್ತಾರೆ. ವಚನನೂ ಹಾಗೇ, ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಇಬ್ರೂ ವಚನ ಹಾಡಿದಾರೆ. ನಿಮಗೆ ಬಾಯಿಪಾಠ ಇರೋ ಒಂದು ಪದ ತಗೊಂಡು ಐದಾರು ಜನರ ದನೀಲಿ ಕೇಳಿ. ಮಾತು ಮೊದ್ಲೇ ಗೊತ್ತಿರೋದ್ರಿಂದ ಗಮನ ಎಲ್ಲ ಹಾಡೋ ರೀತಿ ಮೇಲೇ ಇರತ್ತೆ, ಯಾರ ರೀತಿ ನಿಮಗೆ ಹಿಡೀತೋ ಅವರು ಹಾಡಿರೋ ಬೇರೆದಕ್ಕೆಲ್ಲ ದಾರಿ ಆಯ್ತು. ರಾಗದ ಹೆಸರು ಗೊತ್ತಿದ್ರೆ ಇನ್ನೂ ಒಳ್ಳೇದು. ಕರ್ನಾಟಕ ಸಂಗೀತದ ಮೋಹನ ಹಿಂದೂಸ್ತಾನೀಲಿ ಭೂಪ, ಹಿಂದೋಳ ಅಲ್ಲಿ ಮಾಲ್ಕೌಂಸ್, ಕಲ್ಯಾಣಿಗೆ ಹತ್ರದ್ದು ಯಮನ್. ಒಂದು ಇಷ್ಟ ಆದ್ರೆ ಇನ್ನೊಂದನ್ನ ಹೆದರದೆ ಹಾಕಿ.

ಇನ್ನು ಆ್ಯಪ್ ವಿಷ್ಯ. ಇವು ಕೆಲ್ಸ ಮಾಡೋ ರೀತಿ ಸ್ವಲ್ಪ ಗೊತ್ತಿದ್ರೆ ಚೆನ್ನಾಗಿ ಬಳಸ್ಬೋದು. ನೀವು ಕೇಳೋ ಹಾಡುಗಳನ್ನೇ ಕೇಳೋ ಬೇರೆ ಜನ ಇನ್ನೇನ್ ಕೇಳ್ತಾರೆ, ಅವರ ಪ್ಲೇಲಿಸ್ಟಲ್ಲಿ ಇವುಗಳ ಪಕ್ಕ ಇನ್ಯಾವ ಹಾಡಿದೆ ಅಂತ ಬಹುಪಾಲು ಅದನ್ನ ನೋಡ್ಕೊಂಡೇ ನಿಮಗೆ ಹಾಡು ತಂದುಕೊಡೋದು. ಹಾಗಾಗಿ ಲಕ್ಷಾಂತರ ಜನ ಕೇಳೋದು ಬೇಗ ಬರತ್ತೆ, ನಮ್ ಹಳ್ಳಿ ಕಡೆಯ ಚೌಡಿಕೆ ಪದ, ಗೀಗೀ ಪದ, ತತ್ವಪದ ತಾನಾಗೇ ಬರೋದು ಬಹಳ ಅಪರೂಪ, ಅದನ್ನ ನೀವೇ ಹುಡುಕ್ಬೇಕು. ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಪ್ರತಿ ಸೋಮವಾರ 30 ಹಾಡು ಕೊಡತ್ತೆ, ಮುಂದಿನ ಸೋಮವಾರ ಅವು ಹೋಗ್ಬಿಡ್ತವೆ, ಅದಕ್ಕೇ ಇಷ್ಟ ಆಗಿದ್ದನ್ನ ಆಗ್ಲೇ ಸೇವ್ ಮಾಡಿ. ನಾನು ಸೋಮವಾರ ಸಂಜೆ ಅಡಿಗೆ ಮಾಡ್ತಾ ಪೂರ್ತಿ ಬಿಡ್ತೀನಿ, 30ರಲ್ಲಿ ಎರಡು ಉಳಿದ್ರೂ ನಂಗೆ ಖುಷಿ. ಹಿಡಿಸದ್ದು ಬಂದಾಗ ಸುಮ್ನೆ ಓಡಲು ಬಿಡ್ಬೇಡಿ, ಸ್ಕಿಪ್ ಮಾಡಿ.

ನಿಮ್ ಫೋನಲ್ಲಿ ಬೇರೆಯವರು ಹಾಡು ಹಾಕಿದ್ರೆ ಲೆಕ್ಕ ಎಲ್ಲ ತಪ್ಪತ್ತೆ. ನಮ್ಮಕ್ಕನ ಮಗಳು ಬೇಸಿಗೆ ರಜೆಗೆ ಬಂದವಳು ನನ್ ಫೋನಲ್ಲಿ ದಿನಾ ಮಕ್ಕಳ ಹಾಡು ಕೇಳಿದ್ಲು, ಆಮೇಲೆ ವಾರಗಟ್ಲೆ ನಂಗೆ ಬಂದಿದ್ದೆಲ್ಲ ಮೊಲ, ಆನೆ, ಬಸ್ಸಿನ ಗಾಲಿ. ಅಂಥ ಹೊತ್ತಲ್ಲಿ ಸ್ಪಾಟಿಫೈ ಸೆಟಿಂಗ್ಸಲ್ಲಿ ಪ್ರೈವೇಟ್ ಸೆಷನ್ ಆನ್ ಮಾಡಿ ಕೊಡಿ, ಯೂಟ್ಯೂಬ್ ಆದ್ರೆ ಹಿಸ್ಟರಿ ನಿಲ್ಸಿ ಇಡಿ, ಈಗಾಗ್ಲೇ ಸೇರಿರೋದನ್ನ ಹಿಸ್ಟರಿಯಿಂದ ಒಂದೊಂದಾಗಿ ತೆಗೀಬೋದು.

ಎಲ್ಲೋ ಕಿವಿಗೆ ಬಿದ್ದ ಹಾಡು ಯಾವ್ದು ಅಂತ ತಿಳ್ಕೊಳಕ್ಕೆ ಶಜಾಮ್ ಅನ್ನೋ ಆ್ಯಪ್ ಇದೆ. ಅದು ರೆಕಾರ್ಡಿಂಗಿನ ಗುರುತು ಇಟ್ಕೊಂಡು ಹುಡುಕೋದು, ಹಾಗಾಗಿ ಅಂಗಡೀಲಿ ಟೀವೀಲಿ ಬರೋ ಸಿನಿಮಾ ಹಾಡಿಗೆ ಸರಿ, ಎದುರಲ್ಲೇ ಯಾರೋ ಹಾಡ್ತಿದ್ರೆ ಅದ್ರ ಕೈಲಿ ಆಗಲ್ಲ. ಬರೀ ಧಾಟಿ ನೆನಪಿದ್ರೆ ಗೂಗಲ್ ಆ್ಯಪಲ್ಲಿ ಗುನುಗಿ ಹುಡುಕ್ಬೋದು, 2020ರಿಂದ ಇದೆ ಈ ಸೌಲಭ್ಯ, ಹತ್ತು ಹದಿನೈದು ಸೆಕೆಂಡ್ ಬಿಡದೆ ಗುನುಗಬೇಕು.

ಆದ್ರೆ ಯಾವ ಆ್ಯಪೂ ಹಿಡಿಯದ ಹಾಡಿನ ಕಥೆ ಹೇಳ್ತೀನಿ. ಒಂದ್ ಸಲ ಹಾವೇರಿ ಕಡೆ ಕ್ರೂಸರ್ ಗಾಡೀಲಿ ಹೋಗ್ತಿದ್ದೆ, ಡ್ರೈವರ್ ಪೆನ್‌ಡ್ರೈವಲ್ಲಿ ಏನೋ ಹಾಕಿದ್ರು, ಏಕತಾರಿ, ದಪ್ಪಡಿ, ಒಬ್ರು ಎತ್ಕೊಡೋದು ಹಿಂದೆ ಏಳೆಂಟ್ ಜನ ಹೇಳೋದು, ಆ ಎತ್ಕೊಡೋರ ದನಿ ಇದ್ಯಲ್ಲ, ನಾನು ಕಿಟಕಿ ಗಾಜು ಏರಿಸಿ ಗಾಳಿ ಸದ್ದು ನಿಲ್ಸಿ ಕೇಳ್ದೆ. ಶಜಾಮ್ ಮೂರ್ ಸಲ ಹಿಡಿದೆ, ಏನೂ ಬರ್ಲಿಲ್ಲ. ಚಾ ಕುಡಿಯೋಕೆ ನಿಲ್ಸಿದಾಗ "ಅಣ್ಣಾ, ಆ ಹಾಡು ಯಾರ್ದು?" ಅಂತ ಕೇಳ್ದೆ. "ಅದ ಯಾವ ಕ್ಯಾಸೆಟ್ಟಿಂದೂ ಅಲ್ರೀ, ನಮ್ಮೂರ ಭಜನಿ ಮ್ಯಾಳದ್ದು. ಅಮಾಸಿ ರಾತ್ರಿ ಗುಡ್ಯಾಗ ಕುಂತು ಹಾಡ್ತಾರ, ನಾನ ಮೊಬೈಲ್ನಾಗ ಹಿಡ್ದೇನಿ. ಬೇಕೇನ್ರಿ? ನಂಬರ್ ಕೊಡ್ರಿ, ವಾಟ್ಸಾಪ್ ಹಾಕ್ತೇನಿ" ಅಂದ್ರು. ನಾಲ್ಕು ಫೈಲ್ ಕಳ್ಸಿದ್ರು, ಹೆಸರಿನ ಜಾಗದಲ್ಲಿ ಬರೀ ನಂಬರು.

ಈಗ ಇದು ಯಾರ ಪದ ಅಂತ ಹುಡುಕೋದು ಹೇಗೆ? ಅಂಕಿತ. ಕೊನೇ ನುಡಿ ಕಿವಿಗೊಟ್ಟು ಕೇಳಿ, ಬರೆದವರ ಗುರುತು ಅಲ್ಲೇ ಇರತ್ತೆ. ಶಿಶುನಾಳಧೀಶ ಅಂತ ಬಂದ್ರೆ ಶರೀಫರು, ಪುರಂದರ ವಿಠಲ ಬಂದ್ರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಬಂದ್ರೆ ಕನಕದಾಸರು, ಚೆನ್ನಮಲ್ಲಿಕಾರ್ಜುನ ಬಂದ್ರೆ ಅಕ್ಕಮಹಾದೇವಿ. ಪದದ ಮೊದಲ ಸಾಲು ಮತ್ತೆ ಬರೆದವರ ಹೆಸರು ಎರಡನ್ನೂ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ ಯೂಟ್ಯೂಬಲ್ಲಿ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ರೆ ಕಂಪನಿಗಳ ಆಲ್ಬಂ ಮೇಲೆ ಬರತ್ತೆ, ಕನ್ನಡದಲ್ಲಿ ಹಾಕಿದ್ರೆ ಹಳ್ಳಿಯವರೇ ಜಾತ್ರೇಲಿ, ಮಠದಲ್ಲಿ, ಮನೆ ಕಟ್ಟೆ ಮೇಲೆ ಹಿಡಿದು ಹಾಕಿರೋ ವಿಡಿಯೋಗಳು ಸಿಗ್ತವೆ, ಇದು ನಾನು ಎಷ್ಟೋ ಸಲ ನೋಡಿರೋದು. ನೋಡಿದವರ ಸಂಖ್ಯೆ ಇನ್ನೂರು ಮುನ್ನೂರು ಇರತ್ತೆ, ಅದು ನೋಡಿ ಮುಂದೆ ಹೋಗ್ಬೇಡಿ. ಆ ನಾಲ್ಕರಲ್ಲಿ ಎರಡು ಶರೀಫರ ಪದ ಅಂತ ಹೀಗೇ ಗೊತ್ತಾಯ್ತು, ಒಂದು ಪುರಂದರದಾಸರದ್ದು, ಆದ್ರೆ ನಾನು ಕೇಳಿದ್ದ ಧಾಟಿನೇ ಬೇರೆ. ತತ್ವಪದ ಅಂತ ಹುಡುಕ್ತಾ ಹೋಗಿ ಕಲಬುರಗಿ ಕಡೆಯ ಕಡಕೋಳ ಮಡಿವಾಳಪ್ಪನವರ ಪದಗಳು ಸಿಕ್ಕಿದ್ವು, ಈಗ ವಾರಕ್ಕೆ ಒಂದಾದ್ರೂ ಅವರ ಪದ ಕೇಳದೆ ನಂಗೆ ಆಗಲ್ಲ.

ದೂರದ ಸಂಗೀತಕ್ಕೆ ಹೋಗೋಕೂ ಇದೇ ಎಳೆ ಹಿಡಿಯೋ ದಾರಿ. ನಾಗಸ್ವರ, ಸ್ಯಾಕ್ಸೋಫೋನ್ ಇಷ್ಟ ಇರೋರಿಗೆ ಕದ್ರಿ ಗೋಪಾಲನಾಥ್ ಗೊತ್ತೇ ಇರತ್ತೆ, ಎಷ್ಟ್ ಮದುವೇಲಿ ಕೇಳಿಲ್ಲ ನಾವು. ಅವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ 2008ರಲ್ಲಿ ಕಿನ್ಸ್‌ಮೆನ್ ಅಂತ ಆಲ್ಬಂ ಮಾಡಿದಾರೆ. ಅದ್ರಲ್ಲಿ ಕದ್ರಿಯವರ ದನಿ ಗುರುತು ಹಿಡೀತಾ ಹಿಡೀತಾ ಪಕ್ಕದಲ್ಲಿ ಜಾಝ್ ಅಂದ್ರೇನು ಅಂತ ಕಿವಿಗೆ ತಾನಾಗೇ ತಿಳಿಯತ್ತೆ. ಇನ್ನೊಂದು, ಗಿಟಾರನ್ನೇ ಮಾರ್ಪಡಿಸಿ ಮಾಡಿರೋ ಮೋಹನ ವೀಣೆಯ ವಿಶ್ವಮೋಹನ ಭಟ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಗೆದ್ದ ಗಿಟಾರ್ ವಾದಕ ರೈ ಕೂಡರ್, ಮುಂದಿನ ವರ್ಷ ಆಫ್ರಿಕಾದ ಮಾಲಿ ದೇಶದ ಅಲಿ ಫರ್ಕಾ ಟೂರೆ ಜೊತೆ ಮತ್ತೆ ಗ್ರ್ಯಾಮಿ ಗೆದ್ರು. ನಾನು ಭಟ್ಟರಿಂದ ಕೂಡರ್, ಕೂಡರಿಂದ ಟೂರೆ ಹಂಗೆ ಹೋದವನು. ಟೂರೆ ಗಿಟಾರ್ ಒಂದೇ ಧಾಟೀಲಿ ಸುತ್ತಿ ಸುತ್ತಿ ಬರೋದು ಕೇಳಿದಾಗ ನಂಗೆ ಏಕತಾರಿನೇ ನೆನಪಾಯ್ತು, ಭಾಷೆ ಒಂದಕ್ಷರ ತಿಳಿಯಲ್ಲ, ಪರಕೀಯ ಅಂತ ಅನ್ಸ್ಲೇ ಇಲ್ಲ.

ಜನರನ್ನ ಕೇಳೋವಾಗ "ಒಳ್ಳೆ ಹಾಡು ಹೇಳಿ" ಅಂದ್ರೆ ಎಲ್ರಿಗೂ ಗೊತ್ತಿರೋದೇ ಹೇಳ್ತಾರೆ. "ಒಬ್ರೇ ಇದ್ದಾಗ ಏನ್ ಹಾಕ್ತೀರಾ" ಅಂತ ಕೇಳಿ ನೋಡಿ. ಸಂಗೀತ ಕಛೇರಿಗೆ ಹೋದಾಗ್ಲೂ ಬಾಯಿ ಬಿಡಿ. ಬೆಂಗಳೂರು ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ 1939ರಿಂದ ನಡ್ಕೊಂಡ್ ಬಂದಿದೆ, ಮೈಸೂರಲ್ಲಿ ಎಂಟನೇ ಕ್ರಾಸ್ ಗಣಪತಿ ಕಛೇರಿಗಳಿವೆ, ಪಕ್ಕದಲ್ಲಿ ತೊಡೆ ಮೇಲೆ ತಾಳ ಹಾಕ್ತಾ ಕೂತಿರೋ ಹಿರಿಯರನ್ನ "ಸರ್, ಇದ್ಯಾವ ರಾಗ" ಅಂತ ಮೆತ್ತಗೆ ಕೇಳಿ. ಹಾಡು ಮುಗಿದ ಮೇಲೆ ಕೇಳಿ, ನಡುವೆ ಬೇಡ. ನಂಗಂತೂ ಇಲ್ಲೀವರೆಗೆ ಯಾರೂ ಬೇಜಾರ್ ಮಾಡ್ಕೊಂಡಿಲ್ಲ, ರಾಗ ಹೇಳಿ, ಅದನ್ನ ಇನ್ಯಾರ್ ಚೆನ್ನಾಗಿ ಹಾಡಿದಾರೆ ಅಂತನೂ ಹೇಳಿದಾರೆ, ಅದನ್ನ ಫೋನಲ್ಲಿ ಬರ್ಕೊಂಡು ಮನೆಗೆ ಬಂದು ಹುಡುಕ್ತೀನಿ.

ಹೊಸ ಹಾಡಿಗೆ ಮೂರ್ ಸಲ ಅವಕಾಶ ಕೊಡಿ, ಒಂದೇ ದಿನ ಬೇಡ, ಬೇರೆ ಬೇರೆ ಹೊತ್ತಲ್ಲಿ. ಟ್ರಾಫಿಕ್ಕಲ್ಲಿ ಕಿರಿಕಿರಿ ಅನ್ಸಿದ್ದು ರಾತ್ರಿ ದೀಪ ಆರಿಸಿದ ಮೇಲೆ ಬೇರೆನೇ ಕೇಳ್ಸತ್ತೆ. ಮೂರನೇ ಸಲಕ್ಕೂ ಏನೂ ಆಗ್ಲಿಲ್ಲ ಅಂದ್ರೆ ಬಿಡಿ. ಹಿಡಿಸಿದ್ರೆ ಅದೇ ಪುಸ್ತಕದಲ್ಲಿ ಹಾಡು, ಹಾಡಿದವರು, ಏನ್ ಹಿಡೀತು ಅಂತ ಒಂದ್ ಸಾಲು ಬರೀರಿ, ಮುಂದಿನ ಎಳೆ ಅಲ್ಲಿಂದ.

ಆ ಡ್ರೈವರಣ್ಣ ಕಳ್ಸಿದ ನಾಲ್ಕನೇ ಫೈಲು ಕೊನೇ ನುಡಿ ಬರೋ ಮುಂಚೆನೇ ಕಟ್ ಆಗಿದೆ, ಅಂಕಿತ ಇಲ್ಲ, ಮೊದಲ ಸಾಲು ಹಾಕಿ ಹುಡುಕಿದ್ರೂ ಎಲ್ಲೂ ಸಿಗ್ತಿಲ್ಲ. ಫೋನ್ ಮಾಡ್ದೆ, "ಅಮಾಸಿಗೆ ಬಂದ್ ಬಿಡ್ರಿ, ಪೂರಾ ಹಾಡಸ್ತೇನಿ" ಅಂದಿದಾರೆ. ರಜೆ ಹಾಕಿದೀನಿ.