ವಾಕ್ಯರೂಪದ ಲೆಕ್ಕ ಬಂದರೆ ಮೊದಲು ಪೆನ್ಸಿಲ್ ಕೆಳಗಿಡಿ

ಕೂಡುವುದು, ಕಳೆಯುವುದು, ಭಾಗಿಸುವುದು ಎಲ್ಲ ಬರುವ ಮಗು ಕೂಡ ನಾಲ್ಕು ಸಾಲಿನ ಲೆಕ್ಕ ಕಂಡರೆ ಕೈಚೆಲ್ಲುತ್ತದೆ. ಹೆಚ್ಚಿನ ಸಲ ಎಡವುವುದು ಓದುವಾಗಲೇ. ಕಣ್ಣು ಅಂಕಿಗಳ ಮೇಲೆ ಓಡುತ್ತದೆ, ಮಾತು ಹಿಂದೆಯೇ ಉಳಿಯುತ್ತದೆ. ಹಾಗಾಗಿ ಮೊದಲ ಓದಿಗೆ ಪೆನ್ಸಿಲ್ ಬೇಡ. ಲೆಕ್ಕದ ಕೊನೆಯ ಸಾಲು ಓದಿ, ಏನು ಕೇಳಿದ್ದಾರೆ ನೋಡಿ. ಆಮೇಲೆ ಪೂರ್ತಿ ಓದಿ. ಪುಸ್ತಕ ಮುಚ್ಚಿ ನಿಮ್ಮದೇ ಮಾತಲ್ಲಿ ಹೇಳಲು ಬಂದರೆ ಅರ್ಧ ಕೆಲಸ ಆಯಿತು. ಬಾರದಿದ್ದರೆ ಇನ್ನೊಮ್ಮೆ ಓದಿ.

ಈಗ ಈ ಲೆಕ್ಕ ನೋಡಿ. ಒಂದು ಬಸ್ಸು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಪಸ್ ಬರುತ್ತದೆ. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು?

'50' ಅಂತ ಬಾಯಿಗೆ ಬಂತು ಅಲ್ವಾ? ಸ್ವಲ್ಪ ತಡೆಯಿರಿ. ಲೆಕ್ಕ ಮಾಡುವ ಮೊದಲೇ ಉತ್ತರ ಎಲ್ಲಿರಬಹುದು ಅಂತ ಅಂದಾಜು ಮಾಡಿ. ಬರುವಾಗ ಬಸ್ಸು ನಿಧಾನ, ಅಂದರೆ ರಸ್ತೆಯಲ್ಲಿ ಕಳೆದ ಹೊತ್ತು ಜಾಸ್ತಿ. ಜಾಸ್ತಿ ಹೊತ್ತು 40ರ ವೇಗದಲ್ಲೇ ಓಡಿದ್ದರಿಂದ ಸರಾಸರಿ 50ಕ್ಕಿಂತ ಕಡಿಮೆಯೇ ಇರಬೇಕು. ಇಷ್ಟು ಹೊಳೆದರೆ ತಪ್ಪು ಉತ್ತರ ಹತ್ತಿರ ಸುಳಿಯುವುದಿಲ್ಲ.

ದೂರ ಕೊಟ್ಟಿಲ್ಲವಲ್ಲ ಅಂತ ಗಾಬರಿ ಬೇಡ. 60 ಮತ್ತು 40 ಎರಡರಿಂದಲೂ ಭಾಗವಾಗುವ 120 ಕಿಲೋಮೀಟರ್ ಇಟ್ಟುಕೊಳ್ಳಿ. ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು ದೂರ 240 ಕಿಲೋಮೀಟರ್, ಒಟ್ಟು ಸಮಯ 5 ಗಂಟೆ. ಭಾಗಿಸಿದರೆ ಗಂಟೆಗೆ 48 ಕಿಲೋಮೀಟರ್. ದೂರವನ್ನು 240 ಮಾಡಿದರೂ ಹೋಗಲು 4, ಬರಲು 6 ಗಂಟೆ. 480ನ್ನು 10ರಿಂದ ಭಾಗಿಸಿದರೆ ಮತ್ತೆ 48. ಇದನ್ನು ಮಗುವೇ ಮಾಡಿ ನೋಡಲಿ. ಸೂತ್ರ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮುಂದಿನ ಹೆಜ್ಜೆ, ಮಾತನ್ನು ಸಮೀಕರಣ ಮಾಡುವುದು. ತಾಯಿಯ ವಯಸ್ಸು ಮಗಳ ವಯಸ್ಸಿನ 3 ಪಟ್ಟು. 12 ವರ್ಷ ಕಳೆದ ಮೇಲೆ 2 ಪಟ್ಟು. ಈಗ ಇಬ್ಬರ ವಯಸ್ಸೆಷ್ಟು? ಮಗಳ ವಯಸ್ಸು ಎಕ್ಸ್ ವರ್ಷ ಆಗಿರಲಿ. ತಾಯಿಗೆ 3 ಎಕ್ಸ್. 12 ವರ್ಷ ಆದ ಮೇಲೆ ಮಗಳಿಗೆ ಎಕ್ಸ್ + 12, ತಾಯಿಗೆ 3 ಎಕ್ಸ್ + 12. 'ಈಗ', 'ಆಮೇಲೆ' ಅಂತ ಎರಡು ಕಂಬಸಾಲು ಹಾಕಿ ಬರೆದರೆ ಗೊಂದಲವಿಲ್ಲ. 3 ಎಕ್ಸ್ + 12 = 2 (ಎಕ್ಸ್ + 12). ಬಿಡಿಸಿದರೆ ಎಕ್ಸ್ = 12. ಮಗಳಿಗೆ 12, ತಾಯಿಗೆ 36.

ಉತ್ತರವನ್ನು ತಾಳೆ ನೋಡುವುದು ಸಮೀಕರಣದ ಜೊತೆ ಅಲ್ಲ, ಪ್ರಶ್ನೆಯ ಜೊತೆ. ಇದನ್ನು ಒತ್ತಿ ಹೇಳುತ್ತೇನೆ. ತಾಯಿಗೆ 12 ಕೂಡಿಸಲು ಮರೆತು 3 ಎಕ್ಸ್ = 2 (ಎಕ್ಸ್ + 12) ಅಂತ ಬರೆದರೆ ಎಕ್ಸ್ = 24 ಬರುತ್ತದೆ, ಆ ಸಮೀಕರಣಕ್ಕೆ ಸರಿಯಾಗಿ ಹೊಂದಿಯೂ ಹೊಂದುತ್ತದೆ! ಪ್ರಶ್ನೆಗೆ ಹಚ್ಚಿ ನೋಡಿ: ಮಗಳಿಗೆ 24, ತಾಯಿಗೆ 72. 12 ವರ್ಷದ ಮೇಲೆ 36 ಮತ್ತು 84. ಎರಡು ಪಟ್ಟು ಆಗಲಿಲ್ಲ. ತಪ್ಪು ಅಲ್ಲೇ ಸಿಕ್ಕಿತು.

ಬರೆಯುವಾಗ ಸಮ ಚಿಹ್ನೆಯ ಮೇಲೆ ಕಣ್ಣಿರಲಿ. 12 + 8 = 20 × 3 = 60 ಅಂತ ಎಷ್ಟೋ ಮಕ್ಕಳು ಒಂದೇ ಸಾಲಿನಲ್ಲಿ ಬರೆಯುತ್ತಾರೆ. 12 + 8 ಅರವತ್ತಕ್ಕೆ ಸಮವಲ್ಲ. 1557ರಲ್ಲಿ ಈ ಚಿಹ್ನೆಯನ್ನು ಬಳಕೆಗೆ ತಂದ ರಾಬರ್ಟ್ ರೆಕಾರ್ಡ್ ಒಂದೇ ಉದ್ದದ ಎರಡು ಗೆರೆಗಳನ್ನು ಆರಿಸಿಕೊಂಡದ್ದು, ಅವಕ್ಕಿಂತ ಸಮನಾದದ್ದು ಬೇರೆ ಇಲ್ಲ ಅಂತ. ಎರಡೂ ಬದಿ ನಿಜಕ್ಕೂ ಸಮ ಇದ್ದರೆ ಮಾತ್ರ ಅದನ್ನು ಹಾಕಿ. ಹೆಜ್ಜೆಗೊಂದು ಸಾಲು ಸಾಕು.

ಎಲ್ಲ ಮಾಡಿಯೂ ದಾರಿ ಕಾಣದಿದ್ದರೆ ಅಂಕಿಗಳನ್ನು ಚಿಕ್ಕದು ಮಾಡಿ. 12 ಜನ 10 ದಿನದಲ್ಲಿ ಮುಗಿಸುವ ಕೆಲಸಕ್ಕೆ 8 ಜನರಿಗೆ ಎಷ್ಟು ದಿನ ಬೇಕು? ಗುಣಿಸಬೇಕೋ ಭಾಗಿಸಬೇಕೋ ತಿಳಿಯದಿದ್ದರೆ, 2 ಜನ 1 ದಿನದಲ್ಲಿ ಮಾಡುವುದನ್ನು ಒಬ್ಬರೇ ಮಾಡಿದರೆ ಎಷ್ಟು ದಿನ ಅಂತ ಕೇಳಿಕೊಳ್ಳಿ. 2 ದಿನ. ಅಂದರೆ ಜನ ಕಡಿಮೆಯಾದಷ್ಟೂ ದಿನ ಹೆಚ್ಚು. ಈಗ ದೊಡ್ಡ ಲೆಕ್ಕಕ್ಕೆ ಬನ್ನಿ: 12 × 10 = 120, ಅಷ್ಟೂ ಕೆಲಸ ಒಬ್ಬರಿಗೆ 120 ದಿನ. 8ರಿಂದ ಭಾಗಿಸಿದರೆ 15 ದಿನ.