ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಒತ್ತುವ ಮುಂಚೆ

ನಿನ್ನೆ ಆಳಂದದಲ್ಲಿರುವ ನಮ್ಮ ಕಾಕಾನ ಫೋನಿಗೆ 'ತೊಗರಿ ವಿಮೆ ಪಟ್ಟಿ' ಅಂತ ಫೈಲ್ ಬಂದಿತ್ತು. ಹೆಸರಿನ ಕೊನೆಗೆ ಎಪಿಕೆ ಅಂತಿತ್ತು. ಅಂದರೆ ಅದು ಆ್ಯಪ್. ಒತ್ತಿದ ಕೂಡಲೇ ಫೋನ್ ಅನುಮತಿ ಕೇಳಿತು. ಪುಣ್ಯಕ್ಕೆ ಅಲ್ಲೇ ನಿಲ್ಲಿಸಿ ನನ್ನನ್ನು ಕೇಳಿದರು.

ಪ್ಲೇ ಸ್ಟೋರ್ ಹೊರಗಿನದ್ದೆಲ್ಲ ಕೆಟ್ಟದ್ದೇನಲ್ಲ. ಎಫ್-ಡ್ರಾಯ್ಡ್ ಅನ್ನುವ ಇನ್ನೊಂದು ಆ್ಯಪ್ ಸ್ಟೋರ್‌ನಲ್ಲಿ ಒಳ್ಳೆಯ ಆ್ಯಪ್‌ಗಳಿವೆ, ನಾನೂ ಬಳಸುತ್ತೇನೆ. ಆದರೆ ಯಾರು ಕೊಟ್ಟರು, ಆ್ಯಪ್ ಏನೇನು ಕೇಳುತ್ತದೆ ಅಂತ ನೋಡಲೇಬೇಕು. ವಿಮೆ ಪಟ್ಟಿ ತೋರಿಸಲು ನಿಮ್ಮ ಎಸ್ಎಂಎಸ್ ಯಾಕೆ ಬೇಕು? ಒಟಿಪಿ ಬರುವುದೇ ಅಲ್ಲಿ ಅಲ್ವಾ? 'ಆಕ್ಸೆಸಿಬಿಲಿಟಿ' ಕೇಳಿದರಂತೂ ಸುಮ್ನೆ ಕೊಡಬೇಡಿ. ಅದು ಸಿಕ್ಕರೆ ಸ್ಕ್ರೀನ್ ಮೇಲಿನದನ್ನು ಓದಿ, ನಿಮ್ಮ ಪರವಾಗಿ ತಾನೇ ಬಟನ್ ಒತ್ತಬಲ್ಲದು.

ಈಗಾಗಲೇ ಹಾಕಿಬಿಟ್ಟಿದ್ದರೆ ಏರೋಪ್ಲೇನ್ ಮೋಡ್ ಆನ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.