ಮಾಡ್ಯುಲರ್ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಕೊರತೆಗಳು

ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಬದಲಿಸಬಹುದಾದ, ಕೆಲವು ವರ್ಷಗಳ ನಂತರ ಮೇನ್‌ಬೋರ್ಡ್ (ಪ್ರೊಸೆಸರ್ ಇರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್) ಒಂದನ್ನೇ ತೆಗೆದು ಹೊಸದನ್ನು ಅದೇ ಕವಚದೊಳಗೆ ಕೂರಿಸಬಹುದಾದ ಮಾಡ್ಯುಲರ್ ಲ್ಯಾಪ್‌ಟಾಪುಗಳ ಗುಣಗಳನ್ನು ಕುರಿತು ಈಗಾಗಲೇ ಸಾಕಷ್ಟು ಬರೆಯಲಾಗಿದೆ. ಇಲ್ಲಿ ಅವುಗಳ ಕೊರತೆಗಳನ್ನು ಮಾತ್ರ ಪರಿಶೀಲಿಸಲಾಗಿದೆ. ಉದಾಹರಣೆಯಾಗಿ ಫ್ರೇಮ್‌ವರ್ಕ್ ಸಂಸ್ಥೆಯ ಲ್ಯಾಪ್‌ಟಾಪುಗಳನ್ನು ಆರಿಸಿಕೊಂಡಿದ್ದೇನೆ. 2021ರ ಮಧ್ಯಭಾಗದಲ್ಲಿ ಮೊದಲ ಮಾದರಿಯನ್ನು ಗ್ರಾಹಕರಿಗೆ ತಲುಪಿಸಿದ ಈ ಅಮೆರಿಕದ ಸಂಸ್ಥೆಯೇ ಈ ಬಗೆಯ ಲ್ಯಾಪ್‌ಟಾಪನ್ನು ಇಂದು ಹೆಚ್ಚು ವ್ಯವಸ್ಥಿತವಾಗಿ ಮಾರುತ್ತಿದೆ. ಐಫಿಕ್ಸಿಟ್ ತಾಣವು ರಿಪೇರಿಯ ಸುಲಭತೆಗಾಗಿ ಅದರ ಮೊದಲ ಮಾದರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತ್ತು. ಆದ್ದರಿಂದ ಇಲ್ಲಿ ಹೇಳುವ ಕೊರತೆಗಳು ಕಳಪೆ ಸರಕಿನ ಕೊರತೆಗಳಲ್ಲ. ಈ ವಿನ್ಯಾಸವನ್ನು ಆರಿಸಿಕೊಂಡಾಗ ಅದರ ಜೊತೆಗೇ ಬರುವಂಥವು.

ಎಲ್ಲಕ್ಕೂ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಇಂತಹ ಲ್ಯಾಪ್‌ಟಾಪಿಗೆ ಇಂದು ಕೊಡುವ ಹೆಚ್ಚುವರಿ ಹಣವು, ಮುಂದೊಂದು ದಿನ ಅದೇ ಸಂಸ್ಥೆಯಿಂದ ಮಾಡಲಿರುವ ಎರಡನೇ ಖರೀದಿಗೆ ಕೊಟ್ಟ ಮುಂಗಡವಿದ್ದಂತೆ. ಆ ಎರಡನೇ ಖರೀದಿ ನಡೆಯದೇ ಹೋದರೆ ಮುಂಗಡ ಮುಳುಗಿತೆಂದೇ ಅರ್ಥ. ಮುಂದೆ ಹೇಳುವ ಪ್ರತಿಯೊಂದು ಕೊರತೆಯನ್ನೂ "ನಾನು ಆ ಎರಡನೇ ಖರೀದಿಯನ್ನು ನಿಜವಾಗಿಯೂ ಮಾಡುವವನೇ, ಮಾಡಲು ಸಾಧ್ಯವಿರುವ ಊರಿನಲ್ಲಿ ಇರುತ್ತೇನೆಯೇ" ಎಂಬ ಪ್ರಶ್ನೆಯ ಜೊತೆಗಿಟ್ಟೇ ತೂಗಬೇಕು.

ಹಣದ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯುವುದು ಒಳ್ಳೆಯದು. 2025ರಲ್ಲಿ ಎಎಂಡಿ ಸಂಸ್ಥೆಯ ರೈಜನ್ ಎಐ 300 ಸರಣಿಯ ಪ್ರೊಸೆಸರಿನೊಂದಿಗೆ ಬಂದ ಫ್ರೇಮ್‌ವರ್ಕ್ 13, ಜೋಡಿಸಿದ ಸ್ಥಿತಿಯಲ್ಲಿ 1,099 ಡಾಲರಿನಿಂದ ಆರಂಭವಾಗಿತ್ತು. ಅದೇ ಸರಣಿಯ ಬಿಡಿ ಮೇನ್‌ಬೋರ್ಡಿನ ಆರಂಭದ ಬೆಲೆ 449 ಡಾಲರ್ ಆಗಿತ್ತು. ನಾಲ್ಕು ವರ್ಷಗಳ ನಂತರದ ಹೊಸ ಮೇನ್‌ಬೋರ್ಡಿಗೂ ಹೆಚ್ಚುಕಡಿಮೆ ಇಷ್ಟೇ ಬೆಲೆಯಿರುತ್ತದೆ ಎಂದು ಹಿಡಿದರೆ ಒಟ್ಟು 1,548 ಡಾಲರ್ ಆಗುತ್ತದೆ. ಈಗ ಇನ್ನೊಂದು ಬದಿಯಲ್ಲಿ, 750 ಡಾಲರಿನ ಸಾಮಾನ್ಯ ಲ್ಯಾಪ್‌ಟಾಪನ್ನು ಇಂದು ಒಂದು, ನಾಲ್ಕು ವರ್ಷಗಳ ನಂತರ ಇನ್ನೊಂದು ಕೊಂಡರೆ 1,500 ಡಾಲರ್ ಆಗುತ್ತದೆ. ಎರಡನೆಯ ದಾರಿಯಲ್ಲಿ ನಾಲ್ಕು ವರ್ಷಗಳ ಕೊನೆಗೆ ಹೊಸ ಪರದೆ, ಹೊಸ ಬ್ಯಾಟರಿ, ಹೊಸ ಕೀಬೋರ್ಡ್ ಮತ್ತು ಹೊಸ ವಾರಂಟಿ ಸಿಗುತ್ತವೆ, ಹಳೆಯ ಲ್ಯಾಪ್‌ಟಾಪನ್ನು ಮಾರಿದರೆ ಕೈಗೆ ಒಂದಿಷ್ಟು ಹಣವೂ ಬರುತ್ತದೆ. ಮೊದಲನೆಯ ದಾರಿಯಲ್ಲಿ ನಾಲ್ಕು ವರ್ಷ ಸವೆದ ಪರದೆ, ಬ್ಯಾಟರಿ, ಹಿಂಜುಗಳೇ (ಪರದೆ ಮಡಚುವ ಕೀಲುಗಳೇ) ಮುಂದುವರಿಯುತ್ತವೆ. 750 ಎಂಬುದು ನಾನು ಉದಾಹರಣೆಗೆ ಹಿಡಿದ ಸಂಖ್ಯೆ. ಅದರ ಜಾಗದಲ್ಲಿ ನಿಮ್ಮ ಕೆಲಸಕ್ಕೆ ನಿಜವಾಗಿ ಸಾಕಾಗುವ ಲ್ಯಾಪ್‌ಟಾಪಿನ ಬೆಲೆಯನ್ನು ಬರೆದು ನೋಡಿ. ಒಂದೂವರೆ ಸಾವಿರ ಡಾಲರಿನ ಲ್ಯಾಪ್‌ಟಾಪುಗಳನ್ನೇ ಕೊಳ್ಳುವವರಿಗೆ ಲೆಕ್ಕವು ಮಾಡ್ಯುಲರ್ ಕಡೆಗೆ ವಾಲುತ್ತದೆ, ಕಡಿಮೆ ಬೆಲೆಯಲ್ಲೇ ತೃಪ್ತರಾಗುವವರಿಗೆ ವಾಲುವುದಿಲ್ಲ.

ಈ ಲೆಕ್ಕದಲ್ಲಿ ಸುಲಭವಾಗಿ ಬಿಟ್ಟುಹೋಗುವ ಬಾಬ್ತು ರ‍್ಯಾಮ್. ಫ್ರೇಮ್‌ವರ್ಕ್ 13ರ ಇಂಟೆಲ್ 11, 12 ಮತ್ತು 13ನೇ ಪೀಳಿಗೆಯ ಮೇನ್‌ಬೋರ್ಡುಗಳು ಡಿಡಿಆರ್4 ರ‍್ಯಾಮ್ ಬಳಸುತ್ತಿದ್ದವು. 2023ರಲ್ಲಿ ಬಂದ ರೈಜನ್ 7040 ಸರಣಿಯ ಮೇನ್‌ಬೋರ್ಡಿಗೆ ಅದಕ್ಕಿಂತ ಹೊಸ ಬಗೆಯ ಡಿಡಿಆರ್5 ಬೇಕಾಯಿತು. ಅಂದರೆ 2021ರಲ್ಲಿ 32 ಜಿಬಿ ಹಾಕಿಸಿಕೊಂಡಿದ್ದ ಗ್ರಾಹಕನು ರೈಜನ್ ಮೇನ್‌ಬೋರ್ಡಿಗೆ ಬದಲಾದಾಗ ಆ 32 ಜಿಬಿಯನ್ನೂ ಬದಿಗಿಟ್ಟು ಮತ್ತೆ ಕೊಳ್ಳಬೇಕಾಯಿತು. ಎಸ್‌ಎಸ್‌ಡಿ ಉಳಿಯಿತು, ಪರದೆ ಉಳಿಯಿತು, ರ‍್ಯಾಮ್ ಉಳಿಯಲಿಲ್ಲ. ಇದರಲ್ಲಿ ಲ್ಯಾಪ್‌ಟಾಪ್ ತಯಾರಕರ ತಪ್ಪೇನೂ ಇಲ್ಲ, ಪ್ರೊಸೆಸರ್ ಯಾವ ಬಗೆಯ ರ‍್ಯಾಮ್ ಕೇಳುತ್ತದೆಯೋ ಅದನ್ನೇ ಕೊಡಬೇಕು. ಆದರೆ 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿದ ರೀತಿಯನ್ನು ನೋಡಿದವರು ಈ ಬಾಬ್ತನ್ನು ಲೆಕ್ಕದಿಂದ ಬಿಡಲಾರರು.

ತೆಗೆದ ಹಳೆಯ ಮೇನ್‌ಬೋರ್ಡನ್ನು ಪುಟ್ಟ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಮನೆಯ ಸರ್ವರನ್ನಾಗಿಯೋ ಟಿವಿಗೆ ಜೋಡಿಸುವ ಕಂಪ್ಯೂಟರನ್ನಾಗಿಯೋ ಬಳಸಬಹುದೆಂಬುದು ನಿಜ, ಅದಕ್ಕೆಂದೇ ಮಾಡಿದ ಪೆಟ್ಟಿಗೆಯನ್ನೂ ಮಾರುತ್ತಾರೆ. ಹಾಗೆ ಬಳಸುವವರು ಎಷ್ಟು ಮಂದಿ ಎಂಬ ಸಂಶಯ ನನಗಿದೆ. ಮೇಜಿನ ಖಾನೆ ಸೇರುವ ವಸ್ತುವನ್ನು ಉಳಿತಾಯದ ಕಡೆ ಬರೆಯಬೇಡಿ.

ಎಲ್ಲಿ ವಾಸಿಸುತ್ತೀರಿ ಎಂಬುದು

ಈ ಸಂಸ್ಥೆಯು ಆಯ್ದ ಕೆಲವು ದೇಶಗಳಿಗೆ ಮಾತ್ರ ನೇರವಾಗಿ ಮಾರುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಯುರೋಪಿನ ಹಲವು ದೇಶಗಳು, ಆಸ್ಟ್ರೇಲಿಯಾ, ತೈವಾನ್ ಮೊದಲಾದವು ಆ ಪಟ್ಟಿಯಲ್ಲಿವೆ. 2025ರವರೆಗೆ ಭಾರತ ಸೇರಿರಲಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಇದನ್ನು ಬಳಸಬೇಕೆನ್ನುವವರು ಸಾಮಾನ್ಯವಾಗಿ ಅಮೆರಿಕದಲ್ಲಿರುವ ಅಣ್ಣನಿಗೋ ಅಕ್ಕನಿಗೋ ಹೇಳಿ ತರಿಸಿಕೊಳ್ಳುವ ಯೋಚನೆ ಮಾಡುತ್ತಾರೆ. ಲ್ಯಾಪ್‌ಟಾಪ್ ತರುವುದು ಕಷ್ಟವಲ್ಲ. ಭಾರತದ ಬ್ಯಾಗೇಜ್ ನಿಯಮಗಳ ಪ್ರಕಾರ 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಕಷ್ಟ ಆರಂಭವಾಗುವುದು ಎರಡನೇ ಖರೀದಿಯಲ್ಲಿ. ಆಗ ಬರಬೇಕಾದ್ದು ಲ್ಯಾಪ್‌ಟಾಪಲ್ಲ, ಬಿಡಿ ಮೇನ್‌ಬೋರ್ಡ್ ಅಥವಾ ಬಿಡಿ ಬ್ಯಾಟರಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಚೆಕ್-ಇನ್ ಸಾಮಾನಿನೊಳಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಕೊರಿಯರಿನಲ್ಲಿ ಕಳಿಸುವುದು ಇನ್ನೂ ತೊಡಕು. ಮೂರು ವರ್ಷಕ್ಕೆ ಬ್ಯಾಟರಿ ಸೋತರೆ, ಊರಿಗೆ ಬರುವ ಯಾರಾದರೊಬ್ಬರಿಗಾಗಿ ಕಾದು ಕುಳಿತುಕೊಳ್ಳಬೇಕು. ರಿಪೇರಿ ಮಾಡಲು ಹತ್ತು ನಿಮಿಷ ಸಾಕಾಗುವ ಯಂತ್ರವು, ಭಾಗ ಬಾರದೆ ಎರಡು ತಿಂಗಳು ಮೂಲೆಯಲ್ಲಿ ಕೂತಿರುವ ಸಾಧ್ಯತೆ ಇಲ್ಲಿ ನಿಜವಾಗಿಯೂ ಇದೆ.

ವಾರಂಟಿಯೂ ಕೊಂಡ ದೇಶಕ್ಕೆ ಅಂಟಿಕೊಂಡಿರುತ್ತದೆ. ಅಮೆರಿಕದಲ್ಲಿ ಕೊಂಡದ್ದಕ್ಕೆ ಒಂದು ವರ್ಷ, ಯುರೋಪಿಯನ್ ಒಕ್ಕೂಟದಲ್ಲಿ ಅಲ್ಲಿನ ಕಾನೂನಿನ ಕಾರಣ ಎರಡು ವರ್ಷ. ನಮ್ಮಲ್ಲಿ ದೊಡ್ಡ ಸಂಸ್ಥೆಗಳ ಕಚೇರಿ ಮಾದರಿಯ ಲ್ಯಾಪ್‌ಟಾಪುಗಳಿಗೆ ಸಿಗುವ, ತಂತ್ರಜ್ಞನೇ ಮನೆಗೆ ಬಂದು ಮದರ್‌ಬೋರ್ಡ್ ಬದಲಿಸಿ ಹೋಗುವ ಸೌಲಭ್ಯದ ಮುಂದೆ ಇದು ಚಿಕ್ಕದು. ಅಮೆರಿಕದಲ್ಲೋ ಜರ್ಮನಿಯಲ್ಲೋ ನೆಲೆಸಿರುವ ಕನ್ನಡಿಗರಿಗೆ ಈ ವಿಭಾಗದ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ, ಆದರೆ ಎರಡು ವರ್ಷದಲ್ಲಿ ಊರಿಗೆ ಮರಳುವ ಯೋಚನೆಯಿರುವವರಿಗೆ ಖಂಡಿತವಾಗಿ ಅನ್ವಯಿಸುತ್ತದೆ.

"ಎಲ್ಲವೂ ಬದಲಾಗುತ್ತದೆ" ಎಂಬ ಮಾತಿನ ಮಿತಿ

ಮಾಡ್ಯುಲರ್ ಎಂದರೆ ಪ್ರೊಸೆಸರನ್ನೂ ಬಿಡಿಯಾಗಿ ಬದಲಿಸಬಹುದೆಂದು ಅನೇಕರು ಭಾವಿಸುತ್ತಾರೆ. ಹಾಗಿಲ್ಲ. ಪ್ರೊಸೆಸರ್ ಮೇನ್‌ಬೋರ್ಡಿಗೆ ಬೆಸೆದೇ ಇರುತ್ತದೆ. ಬೋರ್ಡಿನ ಮೇಲಿನ ಯಾವುದೋ ಸಣ್ಣ ಚಿಪ್ ಸುಟ್ಟರೆ, ಅದನ್ನು ಕಿತ್ತು ಬೆಸೆಯಬಲ್ಲ ನುರಿತ ಕೈ ಸಿಗದಿದ್ದಲ್ಲಿ ಇಡೀ ಬೋರ್ಡನ್ನೇ ಬದಲಿಸಬೇಕು. ವಾರಂಟಿ ಮುಗಿದ ಮೇಲೆ ಅದರ ಬೆಲೆಯನ್ನು ಮೇಲಿನ ಲೆಕ್ಕದಲ್ಲಿ ಈಗಾಗಲೇ ನೋಡಿದ್ದೇವೆ. ಸಾಮಾನ್ಯವಾಗಿ ಮಾರಾಟವಾಗುವ ಲ್ಯಾಪ್‌ಟಾಪ್ ಮಾದರಿಗಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹಳೆಯ ಯಂತ್ರದಿಂದ ಕಿತ್ತ ಬೋರ್ಡ್, ಪರದೆ, ಕೀಬೋರ್ಡ್ ಹುಡುಕಿದರೆ ಸಿಗುತ್ತವೆ. ಇಲ್ಲಿ ಮಾರಾಟವೇ ಆಗದ ಮಾದರಿಯ ಭಾಗಗಳು ಅಲ್ಲಿಗೆ ಹೇಗೆ ಬಂದಾವು?

ರ‍್ಯಾಮ್ ಬಿಡಿಯಾಗಿರುವುದಕ್ಕೂ ಒಂದು ಬೆಲೆಯಿದೆ, ಅದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬೋರ್ಡಿಗೆ ಬೆಸೆದ ಎಲ್‌ಪಿಡಿಡಿಆರ್5ಎಕ್ಸ್ ರ‍್ಯಾಮ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ. ಬಿಡಿ ರ‍್ಯಾಮ್ ಕೂರಿಸುವ ಸ್ಲಾಟಿನಲ್ಲಿ ಸಂಕೇತಗಳು ಸಾಗಬೇಕಾದ ದಾರಿ ಉದ್ದ, ನಡುವೆ ಕನೆಕ್ಟರ್ ಬೇರೆ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಘಟಕವು ಮೆಮೊರಿಯ ವೇಗವನ್ನೇ ನಂಬಿಕೊಂಡಿರುವುದರಿಂದ ಈ ವ್ಯತ್ಯಾಸ ಆಟಗಳಲ್ಲಿ ಕಾಣುತ್ತದೆ, ಮುಚ್ಚಿಟ್ಟಾಗ ಖರ್ಚಾಗುವ ಬ್ಯಾಟರಿಯಲ್ಲಿಯೂ ಕಾಣುತ್ತದೆ. ಇಂಟೆಲ್ 2024ರಲ್ಲಿ ತಂದ, ಬ್ಯಾಟರಿ ಬಾಳಿಕೆಗೆ ಹೆಸರಾದ ಲೂನರ್ ಲೇಕ್ ಪ್ರೊಸೆಸರಿನಲ್ಲಿ ಮೆಮೊರಿ ಚಿಪ್ಪಿನ ಪ್ಯಾಕೇಜಿನ ಮೇಲೆಯೇ ಕೂತಿರುತ್ತದೆ, ಹಾಗಾಗಿ ಬಿಡಿ ರ‍್ಯಾಮ್ ಕೊಡಲೇಬೇಕೆನ್ನುವ ಲ್ಯಾಪ್‌ಟಾಪಿಗೆ ಆ ಪ್ರೊಸೆಸರ್ ಒಗ್ಗುವುದಿಲ್ಲ. ಫ್ರೇಮ್‌ವರ್ಕ್ ಸಂಸ್ಥೆಯೇ 2025ರಲ್ಲಿ ಪ್ರಕಟಿಸಿದ ತನ್ನ ಡೆಸ್ಕ್‌ಟಾಪಿನಲ್ಲಿ, ರೈಜನ್ ಎಐ ಮ್ಯಾಕ್ಸ್ ಪ್ರೊಸೆಸರಿಗಾಗಿ ರ‍್ಯಾಮನ್ನು ಬೆಸೆದೇ ಕೊಡಬೇಕಾಯಿತು. ಚಾರ್ಜರ್ ಇಲ್ಲದೆ ಇಡೀ ದಿನ ಓಡಾಡುವುದೇ ನಿಮ್ಮ ಮುಖ್ಯ ಅಗತ್ಯವಾಗಿದ್ದರೆ ಈ ಕೊರತೆಯನ್ನೇ ಎಲ್ಲಕ್ಕಿಂತ ಭಾರವೆಂದು ಎಣಿಸಬೇಕು.

ಗ್ರಾಫಿಕ್ಸ್ ಬದಲಿಸಬಹುದಾದ ಫ್ರೇಮ್‌ವರ್ಕ್ 16ರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಬದಲಿ ಭಾಗ ಯಾವಾಗ ಬರುತ್ತದೆ? 2024ರ ಆರಂಭದಲ್ಲಿ ರೇಡಿಯಾನ್ ಆರ್‌ಎಕ್ಸ್ 7700ಎಸ್ ಗ್ರಾಫಿಕ್ಸ್ ಮಾಡ್ಯೂಲಿನೊಂದಿಗೆ ಗ್ರಾಹಕರನ್ನು ತಲುಪಿದ ಆ ಲ್ಯಾಪ್‌ಟಾಪಿಗೆ, ಮುಂದಿನ ಆಯ್ಕೆಯಾದ ಎನ್‌ವಿಡಿಯಾ ಆರ್‌ಟಿಎಕ್ಸ್ 5070 ಮಾಡ್ಯೂಲ್ ಪ್ರಕಟವಾದದ್ದು 2025ರ ಆಗಸ್ಟಿನಲ್ಲಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಇದ್ದ ಆಯ್ಕೆ ಒಂದೇ. ಆದರೂ ಮಾತು ಉಳಿಸಿಕೊಂಡರೆಂದು ಹೇಳಲೇಬೇಕು, ಏಕೆಂದರೆ ಇಂಥ ಭರವಸೆಗಳ ಹಿಂದಿನ ಚರಿತ್ರೆ ಚೆನ್ನಾಗಿಲ್ಲ. 2019ರಲ್ಲಿ ಡೆಲ್ ಸಂಸ್ಥೆಯ ಏಲಿಯನ್‌ವೇರ್ ಏರಿಯಾ-51ಎಂ ಲ್ಯಾಪ್‌ಟಾಪನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಬದಲಿಸಬಹುದಾದ್ದೆಂದು ಪ್ರಚಾರ ಮಾಡಲಾಗಿತ್ತು. ಮುಂದಿನ ಪೀಳಿಗೆಯ ಭಾಗಗಳು ಅದಕ್ಕೆ ಹೊಂದಲಿಲ್ಲವೆಂದು ದೂರಿ 2021ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು. ಬಿಡಿಭಾಗಗಳ ಮಾಡ್ಯುಲರ್ ಫೋನ್ ತರುವ ಗೂಗಲ್‌ನ ಪ್ರಾಜೆಕ್ಟ್ ಆರಾ 2016ರಲ್ಲಿ ನಿಂತೇ ಹೋಯಿತು. ಮೇನ್‌ಬೋರ್ಡಿನ ಆಕಾರವಾಗಲಿ ಪೋರ್ಟ್ ಕಾರ್ಡುಗಳ ಅಳತೆಯಾಗಲಿ ಎಲ್ಲ ತಯಾರಕರೂ ಒಪ್ಪಿಕೊಂಡ ಮಾನದಂಡವಲ್ಲದ ಕಾರಣ, ನಿಮ್ಮ ಲ್ಯಾಪ್‌ಟಾಪಿನ ಆಯುಷ್ಯ ಒಂದೇ ಸಂಸ್ಥೆಯ ಆಯುಷ್ಯಕ್ಕೆ ಕಟ್ಟಿಕೊಂಡಿರುತ್ತದೆ.

ಪೋರ್ಟುಗಳು

ಫ್ರೇಮ್‌ವರ್ಕ್ 13ರಲ್ಲಿ ಪೋರ್ಟುಗಳು ಬೇಕೆಂದಾಗ ಕಿತ್ತು ಬದಲಿಸಬಹುದಾದ ಪುಟ್ಟ ಕಾರ್ಡುಗಳ ರೂಪದಲ್ಲಿವೆ, ಬದಿಗೆ ಎರಡರಂತೆ ಅಂಥ ನಾಲ್ಕು ಕಾರ್ಡುಗಳಿಗೆ ಮಾತ್ರ ಸ್ಥಳವಿದೆ. ಚಾರ್ಜಿಗೆ ಒಂದು ಯುಎಸ್‌ಬಿ-ಸಿ ಹೋದರೆ ಉಳಿಯುವುದು ಮೂರು. ಎಚ್‌ಡಿಎಂಐ, ಯುಎಸ್‌ಬಿ-ಎ, ಎಸ್‌ಡಿ ಕಾರ್ಡ್ ಹಾಕುವಷ್ಟರಲ್ಲಿ ಜಾಗ ಮುಗಿಯಿತು. ಈಥರ್ನೆಟ್ ಬೇಕಾದಾಗ ಯಾವುದನ್ನೋ ಕಿತ್ತು ಚೀಲಕ್ಕೆ ಹಾಕಿಕೊಳ್ಳಬೇಕು, ಆ ಈಥರ್ನೆಟ್ ಕಾರ್ಡ್ ಅಂಚಿನಿಂದ ಹೊರಗೂ ಚಾಚಿಕೊಂಡಿರುತ್ತದೆ. ಕಾರ್ಡುಗಳ ಬೆಲೆಯನ್ನೂ ಒಟ್ಟಿಗೆ ಕೂಡಿಸಿ ನೋಡಬೇಕು, ಯುಎಸ್‌ಬಿ-ಸಿ ಕಾರ್ಡಿಗೆ 9 ಡಾಲರ್ ಇದ್ದರೆ ಈಥರ್ನೆಟ್ ಕಾರ್ಡಿಗೆ 39.

ಎಲ್ಲ ನಾಲ್ಕು ಸ್ಥಳಗಳೂ ಸಮಾನವಲ್ಲ ಎಂಬುದು ಕೊಂಡ ಮೇಲೆ ತಿಳಿಯುವ ವಿಷಯ. ರೈಜನ್ 7040 ಮಾದರಿಯಲ್ಲಿ ಹಿಂಬದಿಯ ಎರಡು ಮಾತ್ರ ಯುಎಸ್‌ಬಿ4, ಅಂದರೆ ಹೆಚ್ಚು ವೇಗದ ಬಗೆಯವು. ಮುಂಬದಿಯ ಎಡ ಸ್ಥಳದಲ್ಲಿ ಮಾನಿಟರ್ ಜೋಡಿಸಿದರೆ ಚಿತ್ರವೇ ಬಾರದು. ಯುಎಸ್‌ಬಿ-ಎ ಕಾರ್ಡನ್ನು ಹಿಂಬದಿಯಲ್ಲಿಟ್ಟರೆ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ, ಆದ್ದರಿಂದ ಅದನ್ನು ಮುಂಬದಿಗೇ ಹಾಕಬೇಕು. ಕೊಳ್ಳಲಿರುವ ಮಾದರಿಯ ಪೋರ್ಟ್ ವಿವರಣೆಯನ್ನು ಸಂಸ್ಥೆಯ ತಾಣದಲ್ಲಿ ತೆರೆದು, ನಿಮ್ಮ ಮಾನಿಟರ್, ಮೌಸ್, ಚಾರ್ಜರ್ ಎಲ್ಲಿ ಬರಬೇಕೆಂದು ಮೊದಲೇ ಗುರುತು ಹಾಕಿಕೊಳ್ಳಿ.

ಕಟ್ಟುವಿಕೆ, ಪರದೆ, ಫರ್ಮ್‌ವೇರ್

ಮೊದಲ ಮಾದರಿಯ ಹಿಂಜುಗಳು ಸಡಿಲವೆಂಬ ದೂರಿತ್ತು, ನಂತರ ಗಟ್ಟಿ ಹಿಂಜುಗಳನ್ನು ಬಿಡಿಯಾಗಿ ಮಾರಲಾಯಿತು. ಮೇಲ್ಮುಚ್ಚಳ ಬಳುಕುತ್ತಿತ್ತು, ಅದನ್ನೂ ಮುಂದಿನ ಪೀಳಿಗೆಯಲ್ಲಿ ಬದಲಿಸಿದರು. ಹಳಬರು ಹೊಸ ಭಾಗ ಕೊಂಡು ಹಾಕಿಕೊಳ್ಳಬಹುದೆಂಬುದು ಈ ವಿನ್ಯಾಸದ ಹಿರಿಮೆಯೇ ಹೌದು. ಆದರೆ ಆರಂಭದ ಕೊರತೆಯನ್ನು ಸರಿಪಡಿಸಿಕೊಳ್ಳಲು ಗ್ರಾಹಕನೇ ಮತ್ತೆ ಹಣ ತೆರಬೇಕಾದದ್ದೂ ಹೌದು. 2024ರಲ್ಲಿ ಬಂದ 2.8ಕೆ ಪರದೆಯ ಮೂಲೆಗಳು ದುಂಡಗಿವೆ, ಅದರ ಸುತ್ತಲಿನ ಚೌಕಟ್ಟಿನ ಮೂಲೆಗಳು ನೇರವಾಗಿವೆ. ಬೇರೊಬ್ಬರಿಗಾಗಿ ರೂಪಿಸಿದ ಪರದೆಯನ್ನು ಸಣ್ಣ ಸಂಸ್ಥೆ ಕೊಂಡು ಹೊಂದಿಸಿಕೊಂಡರೆ ಹೀಗಾಗುತ್ತದೆ. ನನಗೆ ಇದೊಂದು ದೋಷವೆನಿಸದು, ಕೆಲವರ ಕಣ್ಣಿಗೆ ಚುಚ್ಚೀತು.

ಫರ್ಮ್‌ವೇರಿನ, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಒಳಗಿನ ತಂತ್ರಾಂಶದ ವಿಷಯ ಇಷ್ಟು ಹಗುರವಲ್ಲ. ಇಂಟೆಲ್ 12ನೇ ಪೀಳಿಗೆಯ ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ಫರ್ಮ್‌ವೇರ್) ನವೀಕರಣ ಬಹುಕಾಲ ಪರೀಕ್ಷಾ ಹಂತದಲ್ಲೇ ಉಳಿದು ಗ್ರಾಹಕರ ಅಸಮಾಧಾನಕ್ಕೆ ಕಾರಣವಾಗಿತ್ತು. 11ನೇ ಪೀಳಿಗೆಯ ಬೋರ್ಡಿನಲ್ಲಿ ಗಡಿಯಾರಕ್ಕೆಂದು ಇಟ್ಟ ಪುಟ್ಟ ರೀಚಾರ್ಜೆಬಲ್ ಬ್ಯಾಟರಿ, ಲ್ಯಾಪ್‌ಟಾಪನ್ನು ಬಹಳ ದಿನ ಚಾರ್ಜ್ ಮಾಡದೆ ಇಟ್ಟರೆ ಪೂರ್ತಿ ಬರಿದಾಗಿ, ಯಂತ್ರ ಆನ್ ಆಗುವುದಕ್ಕೇ ತೊಂದರೆ ಕೊಡುತ್ತಿತ್ತು. ಹಳೆಯ ಮಾದರಿಯನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವವರು ಇದನ್ನು ಕೇಳಿಯೇ ಮುಂದುವರಿಯಬೇಕು. ಹೊಸದನ್ನು ಕೊಳ್ಳುವವರು, ಎರಡು ಮೂರು ವರ್ಷ ಹಳೆಯ ಮಾದರಿಗೆ ಕೊನೆಯ ಬಯೋಸ್ ನವೀಕರಣ ಯಾವ ತಿಂಗಳಲ್ಲಿ ಬಂದಿದೆ ಎಂದು ಸಂಸ್ಥೆಯ ತಾಣದಲ್ಲಿ ನೋಡಬೇಕು. ಮೂರು ವರ್ಷಗಳ ನಂತರ ನಿಮ್ಮ ಲ್ಯಾಪ್‌ಟಾಪಿಗೂ ಸಿಗುವ ಆರೈಕೆ ಬಹುಮಟ್ಟಿಗೆ ಅಂಥದ್ದೇ.

ಇಷ್ಟನ್ನೂ ನೋಡಿದ ಮೇಲೆ, ನಿಮಗೆ ಬೇಕಾಗಿದ್ದದ್ದು ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸುವ ಅನುಕೂಲವಷ್ಟೇ ಎಂದು ಅನಿಸಿದರೆ, ಅದಕ್ಕೆ ಮಾಡ್ಯುಲರ್ ಲ್ಯಾಪ್‌ಟಾಪೇ ಆಗಬೇಕೆಂದಿಲ್ಲ. 2024ರ ಲೆನೊವೊ ಥಿಂಕ್‌ಪ್ಯಾಡ್ ಟಿ14 ಐದನೇ ಪೀಳಿಗೆಗೆ ಐಫಿಕ್ಸಿಟ್ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದೆ, ಅದರಲ್ಲಿ ಬಿಡಿ ರ‍್ಯಾಮಿಗೆ ಎರಡು ಸ್ಲಾಟುಗಳಿವೆ, ಥಿಂಕ್‌ಪ್ಯಾಡಿನ ಸೇವೆಯೂ ಭಾರತದಲ್ಲಿ ಸಿಗುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಮೇನ್‌ಬೋರ್ಡ್ ಬದಲಿಸುವ ಸೌಲಭ್ಯ ಅಲ್ಲಿಲ್ಲ ಅಷ್ಟೆ. ಆ ಸೌಲಭ್ಯವೇ ಬೇಕು, ಅದನ್ನು ಬಳಸುತ್ತೇನೆ ಎನ್ನುವವರು ಮಾಡ್ಯುಲರ್ ಲ್ಯಾಪ್‌ಟಾಪನ್ನೇ ಕೊಳ್ಳಲಿ. ಆದರೆ ಹಣ ಕಟ್ಟುವ ದಿನ ಅಂಗಡಿಯ ಬಿಡಿಭಾಗಗಳ ಪುಟ ತೆರೆದು, ಆ ಮಾದರಿಯ ಬ್ಯಾಟರಿ, ಪರದೆ ಮತ್ತು ಕೀಬೋರ್ಡ್ ಸ್ಟಾಕಿನಲ್ಲಿವೆಯೇ, ಬೆಲೆಯೆಷ್ಟು, ನಿಮ್ಮ ವಿಳಾಸಕ್ಕೆ ಕಳಿಸುತ್ತಾರೆಯೇ ಎಂಬ ಮೂರನ್ನೂ ನೋಡಿಕೊಳ್ಳಬೇಕು.